ಪಡುವಣ ಬಾಗಿಲಿನ ಸಾಲು

ಕಳೆದ ತಿಂಗಳು ಐರ್ಲೆಂಡಿನ ಅತ್ಲೋನ್‌ನಲ್ಲಿ ಹೊಸದಾಗಿ ಮನೆ ಕೊಂಡ ಮೈಸೂರಿನ ಗಂಡ ಹೆಂಡತಿ ಹಾಲುಕ್ಕಿಸುವ ಶಾಸ್ತ್ರಕ್ಕೆ ನಮ್ಮನ್ನು ಕರೆದಿದ್ದರು. ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆಂದು ಊದುಬತ್ತಿಯನ್ನು ಹಿತ್ತಿಲಿನಲ್ಲಿ ಹಚ್ಚಿಟ್ಟು, ಒಳಗೆ ಇಂಡಕ್ಷನ್ ಒಲೆಯ ಮೇಲೆ ಹಾಲಿಟ್ಟಿದ್ದರು. ಹಾಲು ಉಕ್ಕಿದ ಕೂಡಲೇ ಒಲೆ ತಾನಾಗಿಯೇ ಆರಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗೋಡೆಗಳಿಂದ ಹಸಿ ಗಾರೆಯ ವಾಸನೆ ಬರುತ್ತಿತ್ತು. ಕೇಸರಿಬಾತಿನ ತಟ್ಟೆಯನ್ನು ಕೈಗೆ ಕೊಡುತ್ತ ಆ ಹುಡುಗಿ, “ಆಂಟಿ, ನಾವೂ ಈಸ್ಟ್ ಫೇಸಿಂಗೇ ತಗೊಂಡ್ವಿ. ನಿಮ್ಮನೆ ಬಚಾವಾಗಿದ್ದು ಅದರಿಂದಾನೇ ಅಂತ ಎಲ್ಲರೂ ಹೇಳ್ತಾರಲ್ವಾ” ಎಂದಳು.

ನಾನು ಕೇಸರಿಬಾತಿನ ಗೋಡಂಬಿಯನ್ನು ಚಮಚದಿಂದ ಬದಿಗೆ ಸರಿಸಿದೆ. ನನ್ನ ಗಂಡ ಶ್ರೀಧರ ಅಷ್ಟು ಹೊತ್ತು ಯಾರೊಡನೆಯೋ ಮಾತಾಡುತ್ತಿದ್ದವರು ಮಾತು ನಿಲ್ಲಿಸಿ ಕಿಟಕಿಯ ಹೊರಗೆ ನೋಡತೊಡಗಿದರು. ಪಾಪ, ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಬಚಾವಾದ ಆ ಮನೆ ಮೊದಲು ನಮ್ಮದಾಗಿರಲಿಲ್ಲ. ನಾವು ಕೇಳಿ ಬದಲಾಯಿಸಿಕೊಂಡದ್ದು.

ಅತ್ಲೋನ್‌ನಿಂದ ಪಶ್ಚಿಮಕ್ಕೆ, ಗಾಲ್ವೇ ದಾರಿಯಲ್ಲಿ ಕಾರಿನಲ್ಲಿ ಇಪ್ಪತ್ತು ನಿಮಿಷ ಹೋದರೆ ನಮ್ಮ ಬಡಾವಣೆ. ಒಂದು ರಸ್ತೆ, ಅದರ ಎರಡೂ ಕಡೆ ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳು. ನಮ್ಮ ಸಾಲಿನ ಬಾಗಿಲುಗಳೆಲ್ಲ ಪೂರ್ವಕ್ಕೆ, ಎದುರು ಸಾಲಿನವು ಪಶ್ಚಿಮಕ್ಕೆ. ಮನೆಗಳು ಇನ್ನೂ ನಕ್ಷೆಯಲ್ಲಿದ್ದಾಗಲೇ ನಾವೂ, ಕಲಬುರಗಿಯ ಖಲೀಲ್ ಮತ್ತು ನಸೀಮ್ ದಂಪತಿಗಳೂ ಜೊತೆಯಾಗಿ ಹೋಗಿ ಬುಕ್ ಮಾಡಿದ್ದೆವು. ಆಗ ಅತ್ಲೋನ್‌ನಲ್ಲಿ ನಾವು ಒಂದೇ ಕಟ್ಟಡದ ಮೇಲೆ ಕೆಳಗೆ ಬಾಡಿಗೆಗಿದ್ದವರು. ಶ್ರೀಧರ ಅಲ್ಲಿನ ತಾಂತ್ರಿಕ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಖಲೀಲ್ ಮೊಬೈಲ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದರು. ನಮಗೆ ಸಿಕ್ಕಿದ್ದು ಪಶ್ಚಿಮ ಬಾಗಿಲಿನ ಐದನೇ ನಂಬರು, ಅವರಿಗೆ ಪೂರ್ವ ಬಾಗಿಲಿನ ಹದಿನೆಂಟು.

ಮೈಸೂರಿಗೆ ಫೋನ್ ಮಾಡಿ ಹೇಳಿದಾಗ ಅತ್ತೆಯವರು ಒಂದೇ ಮಾತಿನಲ್ಲಿ ಬೇಡ ಎಂದರು. ಪಡುವಣ ಬಾಗಿಲು ಶ್ರೀಧರನ ರಾಶಿಗೆ ಆಗಿಬರುವುದಿಲ್ಲವಂತೆ, ಜೋಯಿಸರನ್ನು ಕೇಳಿಯಾಯಿತಂತೆ. ವಾರವಿಡೀ ಅದೇ ಮಾತು. ಶನಿವಾರ ನಸೀಮ್ ಸುಸಲಾ ಮಾಡಿ ಕೆಳಗೆ ಕರೆದಳು. ಒಗ್ಗರಣೆ ಹಾಕಿದ ಮಂಡಕ್ಕಿ ತಿನ್ನುತ್ತ ಶ್ರೀಧರ ಹಿಂಜರಿಯುತ್ತಲೇ ವಿಷಯ ತೆಗೆದರು. ಖಲೀಲ್ ಪೂರ್ತಿ ಕೇಳಲೂ ಇಲ್ಲ.

“ಇಷ್ಟಕ್ಕ ಒಂದು ವಾರ ಮುಖ ಸಣ್ಣ ಮಾಡ್ಕೊಂಡು ತಿರುಗ್ಯಾಡೀರೇನ್ರಿ ಅಣ್ಣಾ? ಇಲ್ಲಿಂದ ನಮ್ಮ ಕಿಬ್ಲಾ ಆಗ್ನೇಯಕ್ಕ ಬರ್ತದ. ಬಾಗಿಲಾ ಯಾವ ಕಡಿಗೆ ಇದ್ರೂ ನಮಾಜಿಗೆ ನಾವು ಆ ಕಡೀಗೇ ತಿರುಗೋರು. ನೀವು ಹದಿನೆಂಟು ತಗೋರಿ, ನಮಗ ಐದು ಸಾಕು.”

“ನಿಮ್ಮ ಅತ್ತಿ ನಿಶ್ಚಿಂತಿಯಿಂದ ಮಲಗಿದ್ರ ನಮಗೂ ನಿದ್ದಿ ಬರ್ತದ ಅಕ್ಕಾ,” ಎಂದು ನಸೀಮ್ ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಆಗ ಸನಾ ಅವಳ ಹೊಟ್ಟೆಯಲ್ಲಿದ್ದಳು.

ಸೋಮವಾರ ಬಿಲ್ಡರನ ಆಫೀಸಿಗೆ ಹೋಗಿ ಹೆಸರು ಅದಲುಬದಲು ಮಾಡಿಸಿಕೊಂಡೆವು. ಅಲ್ಲಿದ್ದ ಹುಡುಗಿ, ಮನೆಯಲ್ಲಿ ಏನಾದರೂ ದೋಷ ಕಂಡಿತೇ ಎಂದು ಕೇಳಿದಳು. ಇಲ್ಲ, ಇದು ನಮ್ಮ ಕಡೆಯ ನಂಬಿಕೆ ಎಂದು ಶ್ರೀಧರ ನಗುತ್ತ ಹೇಳಿದರು. ಎದುರು ಸಾಲು ಮೊದಲು ಮುಗಿಯಿತು. ನಮ್ಮ ಸಾಲು ಏಳುವ ಹೊತ್ತಿಗೆ ಕಾಂಕ್ರೀಟ್ ಬ್ಲಾಕುಗಳ ಲಾರಿ ಬೇರೆ ಕಡೆಯಿಂದ ಬರತೊಡಗಿತ್ತು. ಅದು ನಮಗೆ ಆಗ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಹದಿನೇಳು ವರ್ಷ ಕಳೆದು, ಕೊರೋನಾ ಬಂದ ಆ ವಸಂತದಲ್ಲಿ ಐರ್ಲೆಂಡಿನಲ್ಲಿ ಎಂದೂ ಕಾಣದಷ್ಟು ಬಿಸಿಲು. ಶಾಲೆ, ಕ್ರೆಷ್, ಅಂಗಡಿ ಎಲ್ಲ ಮುಚ್ಚಿದವು. ನಾನು ಅಡುಗೆ ಮಾಡುತ್ತಿದ್ದ ಮಕ್ಕಳ ಕ್ರೆಷ್ ಕೂಡ. ಕಾರ್ಕ್‌ನಲ್ಲಿ ನರ್ಸ್ ಆಗಿದ್ದ ನಮ್ಮ ಮಗಳು ಮನೆಗೆ ಬರುವಂತಿರಲಿಲ್ಲ. ಶ್ರೀಧರರಿಗೆ ಉಬ್ಬಸ. ಅವರು ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಊಟಕ್ಕೆ ಮಾತ್ರ ಕೆಳಗಿಳಿಯುತ್ತಿದ್ದರು. ಎರಡು ಮೀಟರ್ ದೂರವಿರಿ ಎಂದು ಸರ್ಕಾರ ಹೇಳಿದರೆ, ನಾನೂ ನಸೀಮೂ ನಮ್ಮ ನಮ್ಮ ಗೇಟಿನಲ್ಲಿ ನಿಂತು ರಸ್ತೆಯ ಅಗಲಕ್ಕೂ ಕೂಗಿ ಮಾತಾಡುತ್ತಿದ್ದೆವು. ನಸೀಮಳ ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದ ಮುದುಕಿ ನೋರಾ ಒಂದು ದಿನ ಬಾಗಿಲು ತೆರೆದು, ಇಬ್ಬರೂ ಯಾಕೆ ಜಗಳವಾಡುತ್ತಿದ್ದೀರಿ ಎಂದು ಕೇಳಿದಳು. ನಾವು, ನಸೀಮ್ ರಂಜಾನಿಗೆ ಬೇಯಿಸುವ ಹಲೀಮಿಗೆ ಗೋಧಿ ಎಷ್ಟು ಹೊತ್ತು ನೆನೆಯಬೇಕೆಂದು ಮಾತಾಡುತ್ತಿದ್ದೆವು.

ರಂಜಾನ್ ಅದೇ ಲಾಕ್‌ಡೌನಿನಲ್ಲಿ ಬಂತು. ಸಂಜೆ ತುಂಬಾ ತಡವಾಗಿ ಸೂರ್ಯ ಮುಳುಗುವ ದಿನಗಳು. ನಮ್ಮ ಮನೆಯ ಬೆನ್ನ ಹಿಂದಿನಿಂದ ಇಳಿಬಿಸಿಲು ನೇರವಾಗಿ ಹೋಗಿ ಎದುರು ಸಾಲಿನ ಗೋಡೆಗಳ ಮೇಲೆ ಬೀಳುತ್ತಿತ್ತು. ಎಂಥ ಸಣ್ಣ ಗೀರೂ ಆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಮೊದಲಾದರೆ ಆ ಹೊತ್ತಿನಲ್ಲಿ ಕಿಟಕಿಯ ಹತ್ತಿರ ಕೂರಲು ಯಾರಿಗೆ ಪುರಸೊತ್ತಿತ್ತು? ಆ ವರ್ಷ ಎಲ್ಲರೂ ಕೂತಿದ್ದೆವು. ಹಾಗಾಗಿ ನಾನೇ ಮೊದಲು ನೋಡಿದೆ. ಗೇಟಿಗೆ ಬಂದು, “ನಸೀಮ್, ನಿಮ್ಮ ಗೋಡೆ ಮೇಲೆ ಯಾರೋ ಇಂಡಿಯಾ ಮ್ಯಾಪ್ ಬರ್ದಿದಾರೆ ನೋಡು,” ಎಂದು ಕೂಗಿದೆ. ಅವಳು ಹಿಂದೆ ಸರಿದು ತಲೆಯೆತ್ತಿ ನೋಡಿ, “ನದಿಗೋಳು ಜಾಸ್ತಿ ಬರ್ದಾನ ಅಕ್ಕಾ,” ಎಂದಳು. ಇಬ್ಬರೂ ನಕ್ಕೆವು. ನಕ್ಕೆವಲ್ಲ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ.

ಖಲೀಲ್ ಹೊರಗೆ ಬಂದು ಬಿರುಕಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಗಾರೆಯ ಚೂರು ಉದುರಿ, ಒಳಗಿನ ಬ್ಲಾಕು ರವೆ ಉಂಡೆಯ ಹಾಗೆ ಪುಡಿಯಾಗಿ ಕೈಗೆ ಬಂತು. ಅವರು ಆ ಪುಡಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು.

ಬೇಸಿಗೆಯಲ್ಲಿ ನಿರ್ಬಂಧ ಸ್ವಲ್ಪ ಸಡಿಲವಾದ ಮೇಲೆ ಇಂಜಿನಿಯರ್ ಒಬ್ಬ ಬಂದು ಎರಡೂ ಸಾಲಿನ ಗೋಡೆಗಳನ್ನು ಕೊರೆದು, ಬೆಣ್ಣೆಮುರುಕಿನ ಗಾತ್ರದ ತುಂಡುಗಳನ್ನು ತೆಗೆದುಕೊಂಡು ಹೋದ. ಉತ್ತರಕ್ಕಾಗಿ ಕಾಯುವ ಆ ತಿಂಗಳುಗಳಲ್ಲಿ ನಾವೆಲ್ಲ ಸರಿಸಮ. ಎಲ್ಲರೂ ತಮ್ಮ ತಮ್ಮ ಗೋಡೆ ಮುಟ್ಟಿ ನೋಡುವವರೇ. ಒಂದು ಸಂಜೆ ಖಲೀಲ್ ನಮ್ಮ ಗೇಟಿನ ಆಚೆ ನಿಂತು ತಾವು ಕಾಲೇಜಿನಲ್ಲಿದ್ದಾಗಿನ ಮಾತು ತೆಗೆದರು.

“ನಾ ಕಾಲೇಜಿನ್ಯಾಗ ಇದ್ದಾಗ ನಮ್ಮ ಕಡಿ ಭೂಮಿ ನಡುಗಿತ್ತು ಭಾಭಿ, ನಸುಕಿನ್ಯಾಗ. ನಮ್ಮ ಅಬ್ಬಾ ಎಲ್ಲಾರನ್ನ ಹೊಲಕ್ಕ ಕರ್ಕೊಂಡು ಹೋದ್ರು. ವಾರಗಟ್ಟಲೆ ಅಲ್ಲೇ ಮಲಗೋದು. ಊರಾಗ ಅರ್ಧ ಓಣಿಗೆ ಯಾರೂ ಹೋಗಬ್ಯಾಡ್ರಿ ಅಂದಿದ್ರು. ಆದ್ರೂ ಜನ ಹಗಲು ಹೋಗಿ ತಮ್ಮ ತಮ್ಮ ಕಟ್ಟಿ ಮ್ಯಾಲ ಕೂತು ಬರ್ತಿದ್ರು. ಅದು ಒಂದು ಸಲ ನಡುಗಿ ಬಿಟ್ಟಿತ್ರಿ. ಇದು ಗಪ್ಪನ ಕೂತು ಒಳಗೊಳಗ ನಡುಗ್ಲಿಕ್ಕತ್ತದ.”

“ನಮ್ದೂ ಹಂಗೇ ಇರಬಹುದು ಖಲೀಲ್,” ಎಂದರು ಶ್ರೀಧರ.

“ಇರಲಿಕ್ಕಿಲ್ರಿ ಅಣ್ಣಾ. ಇರಬಾರದು.”

ಮಳೆಗಾಲದಂಥ ಅಕ್ಟೋಬರಿನಲ್ಲಿ ಉತ್ತರ ಬಂತು. ಇಂಜಿನಿಯರ್ ಮಾಸ್ಕ್ ಹಾಕಿಕೊಂಡು ಮನೆಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದ. ಎದುರು ಸಾಲಿನ ಬ್ಲಾಕುಗಳಿಗೆ ಬೆರೆಸಿದ ಕಲ್ಲಿನಲ್ಲಿ ಯಾವುದೋ ಖನಿಜ, ತೇವ ತಾಗಿದಷ್ಟೂ ಉಬ್ಬಿ ಗೋಡೆಯನ್ನು ಒಳಗಿನಿಂದಲೇ ಸೀಳುತ್ತದಂತೆ. ಅಟ್ಲಾಂಟಿಕ್ ಮಳೆ ಬಂದು ಬಡಿಯುವುದೂ ಆ ಸಾಲಿನ ಮುಂಗೋಡೆಗೇ. ದುರಸ್ತಿಯ ಮಾತಿಲ್ಲ, ಆ ಸಾಲು ಪೂರ್ತಿ ವಾಸಕ್ಕೆ ಯೋಗ್ಯವಲ್ಲ, ಚಳಿಗಾಲ ಮುಗಿಯುವುದರೊಳಗೆ ಖಾಲಿ ಮಾಡಬೇಕು. ನಮ್ಮ ಬಾಗಿಲಿಗೆ ಬಂದಾಗ ಮಾತ್ರ ಅವನ ಕಣ್ಣಿನಲ್ಲಿ ನಗು. “ನಿಮ್ದು ಗ್ರಾಂಡ್,” ಎಂದ. ಎಲ್ಲ ಸರಿಯಿದೆ ಎನ್ನಲು ಇಲ್ಲಿಯವರು ಚಹಾ ಸಾಕೇ ಎಂದು ಕೇಳಿದರೂ ಹೇಳುವ ಮಾತು ಅದು.

ಬಾಗಿಲು ಹಾಕಿದ ಮೇಲೆ ನನ್ನೊಳಗೆ ಮೊದಲು ಬಂದದ್ದು ದುಃಖವಲ್ಲ. ಬರೆಯುವುದಕ್ಕೇ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ: ನನಗೆ ಹಸಿವಾಯಿತು. ವಾರಗಳಿಂದ ಸತ್ತಿದ್ದ ಹಸಿವು. ಸಾರು ಬಿಸಿ ಮಾಡಿ ಇಬ್ಬರೂ ಎರಡೆರಡು ಸಲ ಬಡಿಸಿಕೊಂಡು ಉಂಡೆವು. ಉಂಡ ಕೈ ತೊಳೆಯುತ್ತ ಸಿಂಕಿನ ಮುಂದಿನ ಕಿಟಕಿಯಲ್ಲಿ ನೋಡಿದರೆ, ಎದುರು ಮನೆಯ ಬಾಗಿಲಲ್ಲಿ ನಸೀಮ್ ಇನ್ನೂ ಹಾಗೇ ನಿಂತಿದ್ದಳು. ಆಗ ಐದನೇ ನಂಬರು, ಹದಿನೆಂಟನೇ ನಂಬರು ಎಲ್ಲ ಒಂದೇ ಸಲಕ್ಕೆ ನೆನಪಾಯಿತು.

ಆ ಸಂಜೆ ಅತ್ತೆಯವರ ವಿಡಿಯೋ ಕಾಲ್. “ನಾನು ಅವತ್ತೇ ಹೇಳ್ಲಿಲ್ವೇನೋ ಶ್ರೀಧರ? ನನ್ನ ಮಾತಿಗೆ ನಗ್ತಿದ್ರಿ. ನೋಡು ಈಗ, ಯಾರು ಉಳಿದ್ರು?”

“ಅಮ್ಮಾ, ಸಾಕು,” ಎಂದರು ಇವರು.

“ಸಾಕು ಅಂದ್ರೆ? ದೇವರು ಕಾಪಾಡಿದ ಅಂತ ಹೇಳೋದೂ ತಪ್ಪೇ?”

“ಅವರಿಗೆ ಕೇಳುತ್ತೆ ಅಮ್ಮಾ.”

“ಯಾರಿಗೆ? ದೇವರಿಗೋ?”

ಶ್ರೀಧರ ಫೋನು ಮಗುಚಿಟ್ಟು ಮಹಡಿ ಹತ್ತಿ ಹೋದರು. ಅಂದಿನಿಂದ ನಮ್ಮಿಬ್ಬರಲ್ಲೂ ಆ ಅದಲುಬದಲಿನ ಮಾತು ನಿಂತೇ ಹೋಯಿತು. ಬೀದಿಯ ಕಡೆಯ ಕಿಟಕಿಯ ಪರದೆಯನ್ನು ಮಧ್ಯಾಹ್ನವೇ ಎಳೆಯತೊಡಗಿದೆ. ಚಳಿ ಎಂದು ನನಗೆ ನಾನೇ ಹೇಳಿಕೊಂಡೆ.

ನವೆಂಬರಿನಿಂದ ಎದುರು ಸಾಲು ಒಂದೊಂದೇ ಮನೆಯಾಗಿ ಕತ್ತಲಾಗುತ್ತ ಬಂತು. ಬಾಗಿಲುಗಳ ಮೇಲೆ ಕೆಂಪು ಕಾಗದ, ಗೋಡೆಗಳಿಗೆ ಕಬ್ಬಿಣದ ಆಸರೆಗಂಬ. ನೋರಾ ತನ್ನ ತಂಗಿಯ ಊರಿಗೆ ಹೋದಳು. ಹೋಗುವಾಗ ಪ್ರತಿ ಕೋಣೆಯ ಪರದೆಯನ್ನೂ ಒಗೆದು ಇಸ್ತ್ರಿ ಮಾಡಿ ಮತ್ತೆ ತೂಗುಹಾಕಿ ಹೋದಳು. ಖಾಲಿ ಮನೆ ಬೀದಿಗೆ ಕೆಟ್ಟದಾಗಿ ಕಾಣಬಾರದಂತೆ. ನಸೀಮಳ ಮನೆಯವರಿಗೆ ಮಾತ್ರ ಹೋಗಲು ಜಾಗ ಸಿಗಲಿಲ್ಲ. ಲಾಕ್‌ಡೌನಿನಲ್ಲಿ ಬಾಡಿಗೆ ಮನೆ ತೋರಿಸುವವರೇ ಕಡಿಮೆ. ತೋರಿಸಿದರೂ, ಮುಚ್ಚಿದ ಅಂಗಡಿಯವನಿಗೆ ಮನೆ ಕೊಡುವವರು ಇನ್ನೂ ಕಡಿಮೆ. ಸನಾಗೆ ಅದು ಶಾಲೆಯ ಕೊನೆಯ ವರ್ಷ, ಲೀವಿಂಗ್ ಸರ್ಟ್ ಪರೀಕ್ಷೆ. ಮೆಡಿಸಿನ್ ಓದಬೇಕೆಂಬ ಹಟದ ಹುಡುಗಿ. ಅವಳ ಮಹಡಿಯ ಕೋಣೆಯ ಗೋಡೆ ತೀರಾ ಬಿರಿದಿದ್ದರಿಂದ ಮೂವರೂ ಕೆಳಗಿನ ನಡುಮನೆಯಲ್ಲೇ ಇರುತ್ತಿದ್ದರು. ಅವಳು ಇಸ್ತ್ರಿ ಮಾಡುವ ಹಲಗೆಯನ್ನೇ ಮೇಜು ಮಾಡಿಕೊಂಡು ಓದುತ್ತಿದ್ದುದು ನಮ್ಮ ಪರದೆಯ ಸಂದಿನಿಂದ ಕಾಣುತ್ತಿತ್ತು.

ನಾನು ದಿನಾ ಅಡುಗೆ ಮಾಡಿ ಕಳಿಸತೊಡಗಿದೆ. ಬಿಸಿಬೇಳೆಬಾತು, ಮಜ್ಜಿಗೆಹುಳಿ, ಒಬ್ಬಟ್ಟು. ಹಬ್ಬವಿಲ್ಲದ ದಿನ ಹಬ್ಬದ ಅಡುಗೆ. ಅವರ ಗೇಟಿನ ಕಂಬದ ಮೇಲೆ ಡಬ್ಬಿಯಿಟ್ಟು, ಬೆಲ್ ಮಾಡಿ, ರಸ್ತೆಗೆ ಹಿಂದೆ ಸರಿದು ನಿಲ್ಲುತ್ತಿದ್ದೆ. ಕೆಲವು ವಾರ ಹೀಗೆ ನಡೆದ ಮೇಲೆ ಒಂದು ಮಧ್ಯಾಹ್ನ ನಸೀಮ್ ಡಬ್ಬಿ ತೆಗೆದುಕೊಳ್ಳದೆ ಬಾಗಿಲಲ್ಲೇ ನಿಂತಳು.

“ಅಕ್ಕಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.”

“ಹೇಳಮ್ಮ.”

“ಮೊದಲೆಲ್ಲ ನೀವು ಹಬ್ಬಕ್ಕ ಕಳಿಸ್ತಿದ್ರಿ, ನಾನು ಈದ್‌ಗೆ ಕಳಿಸ್ತಿದ್ದೆ. ಆಗ ಅದು ಊಟ ಇತ್ತು. ಈಗ ದಿನಾ ಬರ್ಲಿಕ್ಕತ್ತದ. ಉಣ್ಣಾಗ ಗಂಟಲದಾಗ ಇಳಿಯವಲ್ದು. ನಿಮ್ಮ ಕೈ ರುಚಿ ಕೆಟ್ಟಿಲ್ಲ. ಆದ್ರ ಇಷ್ಟು ಹೊರಲಿಕ್ಕ ನನಗ ಆಗಂಗಿಲ್ಲ.”

ನಾನು ಡಬ್ಬಿ ಎತ್ತಿಕೊಂಡು ವಾಪಸ್ ಬಂದೆ. ಆ ದಿನದ ಒಬ್ಬಟ್ಟನ್ನು ನಾವೂ ತಿನ್ನಲಿಲ್ಲ.

ಅವರನ್ನು ನಮ್ಮ ಮನೆಗೇ ಕರೆದುಕೊಂಡುಬಿಡೋಣ ಎಂದು ಶ್ರೀಧರರಿಗೆ ಹೇಳಿದೆ. ಮಗಳ ಕೋಣೆ ಖಾಲಿಯೇ ಇತ್ತು. ಅವರು ಉಬ್ಬಸದ ಪಂಪನ್ನು ಕೈಯಲ್ಲಿ ತಿರುಗಿಸುತ್ತ, “ಬೇರೆ ಮನೆಯವರನ್ನ ಸೇರಿಸ್ಬಾರ್ದು ಅಂತ ರೂಲ್ ಇದೆ,” ಎಂದರು.

“ಇರೋದಕ್ಕೆ ಮನೆ ಇಲ್ದೋರಿಗೆ ಆ ರೂಲ್ ಇಲ್ಲ. ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿದೀನಿ.”

“ನೋಡೋಣ. ಕ್ರಿಸ್‌ಮಸ್ ಕಳೀಲಿ.”

ಅವರಿಗೆ ಹೆದರಿಕೆ ಇದ್ದದ್ದು ನಿಜ. ಆಸ್ಪತ್ರೆಯಿಂದ ಮಗಳು ಹೇಳುತ್ತಿದ್ದ ಸುದ್ದಿ ಕೇಳಿದರೆ ಯಾರಿಗಾದರೂ ಹೆದರಿಕೆಯಾಗಬೇಕು. ಆದರೆ ಅದಷ್ಟೇ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಖಲೀಲರ ಮನೆಯವರನ್ನು ಈ ಮನೆಯೊಳಗೆ ಕರೆಯುವುದೆಂದರೆ, ನಿಮ್ಮದೇ ಮನೆಗೆ ನೆಂಟರಾಗಿ ಬನ್ನಿ ಎಂದ ಹಾಗೆ.

ಕ್ರಿಸ್‌ಮಸ್ ಕಳೆದು ಹೊಸ ವರ್ಷದ ಮೊದಲ ಗಾಳಿಮಳೆ ಬಂತು. ನಾಲ್ಕೂವರೆಗೇ ಕತ್ತಲಾಗುವ ದಿನಗಳು. ಮಧ್ಯಾಹ್ನದ ಕಾಫಿ ಸೋಸುತ್ತಿದ್ದೆ, ಎದುರಿನಿಂದ ಲಾರಿ ಜಲ್ಲಿ ಸುರಿದಂಥ ಸದ್ದು. ಓಡಿ ಪರದೆ ಸರಿಸಿದೆ. ಖಲೀಲರ ಮನೆಯ ಪಕ್ಕದ ಗೋಡೆ ಮಹಡಿಯಿಂದ ಅಂಗಳದವರೆಗೆ ಜಾರಿ ಬಿದ್ದಿತ್ತು. ಸನಾಳ ಕೋಣೆಯ ಹಳದಿ ಬಣ್ಣ ಬೀದಿಗೆ ಕಾಣುತ್ತಿತ್ತು. ಮೂವರೂ ಮಳೆಯಲ್ಲಿ ರಸ್ತೆಯ ನಡುವೆ ನಿಂತಿದ್ದರು. ನಸೀಮಳ ತಲೆಯ ಮೇಲೆ ನಮಾಜಿನ ಹಾಸು ಜಾನಮಾಜ್, ಸನಾಳ ಎದೆಗೆ ಅಪ್ಪಿಕೊಂಡ ಲ್ಯಾಪ್‌ಟಾಪ್.

ನಾನು ಬಾಗಿಲಿಗೆ ಹೋಗುವುದರೊಳಗೆ ಶ್ರೀಧರ ಮಹಡಿಯಿಂದ ಇಳಿದು, ಮಾಸ್ಕೂ ಇಲ್ಲದೆ, ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ರಸ್ತೆಗೆ ನಡೆದಿದ್ದರು. ಏನು ಹೇಳಿದರೋ ಗಾಳಿಯಲ್ಲಿ ಕೇಳಿಸಲಿಲ್ಲ. ಸನಾಳ ಬ್ಯಾಗನ್ನು ತಾವೇ ಹೆಗಲಿಗೆ ಹಾಕಿಕೊಂಡು ಮುಂದೆ ಮುಂದೆ ಬಂದರು, ಅವರು ಮೂವರು ಹಿಂದೆ ಬಂದರು.

ಅಂದಿನಿಂದ ವಸಂತ ಬರುವವರೆಗೂ ನಾವು ಐವರು. ಮಗಳ ಕೋಣೆ ಸನಾ ಮತ್ತು ನಸೀಮರಿಗೆ, ನಡುಮನೆಯ ಸೋಫಾ ಖಲೀಲರಿಗೆ. ನಸೀಮ್ ಮೊದಲ ದಿನವೇ ಬಚ್ಚಲಿನಲ್ಲಿ ಯಾವ ಟವಲು ಎಲ್ಲಿ, ಯಾರು ಯಾವಾಗ ಎಂದೆಲ್ಲ ತಾನೇ ನಿಗದಿ ಮಾಡಿದಳು. ನಾವು ಮಾಂಸ ತಿನ್ನುವವರಲ್ಲ. ಕೇಳದೆಯೇ ಅವಳು ನಮ್ಮ ಒಲೆಯ ಮೇಲೆ ಸೊಪ್ಪುಬೇಳೆಯನ್ನಷ್ಟೇ ಮಾಡಿದಳು. “ನಿಮಗೆ ಬೇಕಾದ್ದು ಮಾಡ್ಕೊಳ್ಳಿ, ನಮಗೇನೂ ಇಲ್ಲ,” ಎಂದು ನಾನು ಎಷ್ಟು ಸಲ ಹೇಳಿದರೂ, “ಇರ್ಲಿ ಅಕ್ಕಾ, ಇದು ನಿಮ್ಮ ಅಡುಗಿಮನಿ,” ಎನ್ನುತ್ತಿದ್ದಳು. ಅವಳು ಹಾಗೆಂದಾಗಲೆಲ್ಲ ನನ್ನ ಕೈಯಲ್ಲಿದ್ದ ಸೌಟು ಭಾರವಾಗುತ್ತಿತ್ತು. ಕೊನೆಗೆ ಶ್ರೀಧರ ಒಂದು ಸಣ್ಣ ಕರೆಂಟ್ ಒಲೆ ತಂದು ಹಿತ್ತಿಲಿನ ಶೆಡ್ಡಿನಲ್ಲಿಟ್ಟರು. ಶುಕ್ರವಾರಗಳಂದು ಅಲ್ಲಿ ಕೋಳಿಸಾರು.

ಫೆಬ್ರವರಿಯ ಚಳಿ. ಹುಲ್ಲಿನ ಮೇಲೆ ಹಿಮದ ಪುಡಿ. ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಕೋಟು ಹಾಕಿಕೊಂಡೇ ಕೂತು ಅಪ್ಪ ಮಗಳು ಉಣ್ಣುತ್ತಿದ್ದರು. ಅವರ ನಗು ಹಿಂಬಾಗಿಲಲ್ಲಿ ನಿಂತ ನನಗೆ ಕೇಳಿಸುತ್ತಿತ್ತು.

“ಅಬ್ಬಾ, ಇಟ್ಸ್ ಫ್ರೀಜಿಂಗ್.”

“ಖಾರ ಹಾಕ್ಕೋ, ಚಳಿ ಓಡ್ತದ.”

“ಆಂಟಿ ನಮ್ಮನ್ನ ನೋಡ್ತಿದಾರೆ.”

“ನೋಡ್ಲಿ ಬಿಡು. ನಾಳಿ ಅವರೂ ಇಲ್ಲೇ ಬಂದು ತಿಂತಾರ.”

ನಾನು ನಕ್ಕು ಕೈಯಾಡಿಸಿದೆ. ಅವರು ನಕ್ಕಷ್ಟೂ ನನಗೆ ನಿಲ್ಲಲಾಗುತ್ತಿರಲಿಲ್ಲ. ಮನಸ್ಸಿಗೆ ಒಂದು ಮಾತು ಬಂದರೆ ಹೋಗುವುದಿಲ್ಲ ನೋಡಿ: ಆ ಅಡುಗೆಮನೆ ಅವರದಾಗಿದ್ದರೆ ಅವರು ಬೆಚ್ಚಗೆ ಒಳಗೆ ಕೂತು ಉಣ್ಣುತ್ತಿದ್ದರು.

ಸನಾ ದಿನವಿಡೀ ಮಹಡಿಯಲ್ಲಿ ಆನ್‌ಲೈನ್ ಕ್ಲಾಸಿನಲ್ಲಿರುತ್ತಿದ್ದಳು. ಮನೆಯಲ್ಲಿ ನಾವಾಡುವ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ. ಆದರೆ ಅಪ್ಪನೊಡನೆ ಎರಡು ಮಾತು ಬಿಟ್ಟರೆ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲಿ, ಅದೂ ಈ ಊರಿನ ಎಳೆತದಲ್ಲಿ. ಒಂದು ಬೆಳಿಗ್ಗೆ ಮಡಿಸಿದ ಬಟ್ಟೆ ಇಡಲು ಹೋದೆ. ಕ್ಲಾಸಿಗೂ ಕ್ಲಾಸಿಗೂ ನಡುವಿನ ಬಿಡುವು. ಕುರ್ಚಿ ತಿರುಗಿಸಿ, ಹವಾಮಾನ ಕೇಳುವ ಹಾಗೆ ತನ್ನ ಇಂಗ್ಲಿಷಿನಲ್ಲೇ ಕೇಳಿದಳು:

“ಆಂಟಿ, ಇದು ನನ್ನ ರೂಮ್ ಆಗಬೇಕಿತ್ತು, ಅಲ್ವಾ?”

ಅವಳಿಗೆ ಯಾರು ಹೇಳಿದರು ಎಂದು ಕೇಳಲಿಲ್ಲ. “ಹೌದಮ್ಮ,” ಎಂದೆ.

“ನಾನೂ ಹಾಗೇ ಅಂದ್ಕೊಂಡೆ. ಕಿಟಕಿ ಚೆನ್ನಾಗಿದೆ. ನಮ್ಮನೆ ಪೂರ್ತಿ ಕಾಣುತ್ತೆ.” ಇಷ್ಟು ಹೇಳಿ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನ ಕಡೆ ತಿರುಗಿದಳು.

ಬಟ್ಟೆಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ಶ್ರೀಧರರಿಗೆ ಹೇಳಿದೆ. ಅವರು ಅಂದು ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಕಸದ ಡಬ್ಬಿಗಳನ್ನು ರಸ್ತೆಗೆ ಎಳೆದುಕೊಂಡು ಹೋದ ಗಂಡಸರಿಬ್ಬರೂ ಗೇಟಿನ ಹತ್ತಿರ ನಿಂತರು. ನಾನು ತೆರೆದ ಬಾಗಿಲಲ್ಲೇ ಹಾಲಿನ ಬಾಟಲು ಹಿಡಿದು ನಿಂತಿದ್ದೆ.

“ಖಲೀಲ್,” ಎಂದರು ಇವರು, “ಅವತ್ತು ಆ ಸುಸಲಾ ತಿಂದ ದಿನ, ನಾನು ಬಾಯಿಬಿಟ್ಟು ಕೇಳಿರದಿದ್ರೆ…”

“ಬ್ಯಾಡ್ರಿ ಅಣ್ಣಾ.”

“ಹೇಳ್ಲೇಬೇಕು. ಎಷ್ಟು ತಿಂಗಳಿಂದ…”

“ಹೇಳಬ್ಯಾಡ್ರಿ.” ಖಲೀಲರ ದನಿ ಏರಲಿಲ್ಲ. ಎದುರಿನ ಬಿದ್ದ ಗೋಡೆಯ ಕಡೆಗೇ ನೋಡುತ್ತ ಮಾತಾಡಿದರು. “ನೀವು ಹೇಳಿದ್ರ ನಾನು ‘ಪರವಾಗಿಲ್ಲ’ ಅನಬೇಕಾಗ್ತದ. ಅಷ್ಟು ಗೊತ್ತದ ನನಗ. ನೀವು ಕೆಟ್ಟೋರಲ್ಲ, ನಿಮಗೇನು ಕನಸು ಬಿದ್ದಿತ್ತಾ? ತಲಿಗೆ ಎಲ್ಲ ಗೊತ್ತಾಗ್ತದ. ಆದ್ರ ಮುಂಜಾನೆದ್ದು ನಿಮ್ಮ ಸೋಫಾ ಮ್ಯಾಲ ಕಣ್ಣು ತೆರೀತೀನಲ್ಲ, ಆಗ ಪ್ರತಿ ದಿನ ಒಂದ್ ನಿಮಿಷ ನಿಮ್ಮ ಮ್ಯಾಲ ಸಿಟ್ಟು ಬರ್ತದ. ಒಂದೇ ನಿಮಿಷ. ಆಮ್ಯಾಲ ಭಾಭಿ ಚಹಾ ತಂದು ಕೊಡ್ತಾರ, ಹೋಗ್ತದ. ಆ ನಿಮಿಷ ಮುಗಿಯೋತನಕ ಪರವಾಗಿಲ್ಲ ಅನ್ನಲಿಕ್ಕ ನನಗ ಬರಂಗಿಲ್ಲ. ಸುಳ್ಳು ಅನ್ನಿಸಬ್ಯಾಡ್ರಿ ನನ್ನ ಬಾಯಿಲೆ.”

ಶ್ರೀಧರ ತಲೆದೂಗಿದರು. ಖಲೀಲ್ ಡಬ್ಬಿಗಳ ಕಡೆ ತಿರುಗಿ, “ಹಸಿರು ಡಬ್ಬಿ ಮುಂದಿನ ವಾರದ್ದಲ್ರೀ? ಇವತ್ತು ಕರೀದು,” ಎಂದರು. ಇವರು ಹಸಿರು ಡಬ್ಬಿಯನ್ನು ಒಳಗೆ ಎಳೆದುಕೊಂಡು ಬಂದರು.

ಮಾರನೆಯ ಬೆಳಿಗ್ಗೆಯೂ ನಾನೇ ಚಹಾ ಕೊಂಡೊಯ್ದೆ. ಬೇಗ ಹೋಗಲೋ, ತಡವಾಗಿ ಹೋಗಲೋ ತಿಳಿಯದೆ ನಡುಮನೆಯ ಬಾಗಿಲ ಹೊರಗೆ ಲೋಟ ಹಿಡಿದು ನಿಂತುಬಿಟ್ಟೆ. ಅವರೊಳಗೆ ಆ ನಿಮಿಷ ಕಳೆಯಲಿ ಎಂದು ಕಾಯುವುದು ನನ್ನ ಬೆಳಗಿನ ಕೆಲಸಗಳಲ್ಲಿ ಒಂದಾಯಿತು.

ಏಪ್ರಿಲಿನಲ್ಲಿ ಅತ್ಲೋನ್‌ನಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು, ಎರಡೇ ಕೋಣೆ, ರೈಲು ನಿಲ್ದಾಣದ ಹಿಂದೆ. ಅಂಗಡಿ ಮತ್ತೆ ತೆರೆಯುವ ಸೂಚನೆಯೂ ಇತ್ತು. ಹೊರಡುವ ದಿನ ನಸೀಮ್ ನಮ್ಮ ಮಗಳ ಕೋಣೆಯನ್ನು ಗುಡಿಸಿ ಒರೆಸಿ, ನಾವು ವರ್ಷಗಳಿಂದ ತೊಳೆಯದ ಕಿಟಕಿಯ ಗಾಜನ್ನೂ ತೊಳೆದಳು. ಬೇಡವೆಂದರೂ ಕೇಳಲಿಲ್ಲ. ಗೇಟಿನಲ್ಲಿ ನನ್ನನ್ನು ತಬ್ಬಿಕೊಂಡಳು. ಎಲ್ಲರೂ ದೂರ ದೂರ ನಿಲ್ಲುತ್ತಿದ್ದ ಕಾಲದಲ್ಲಿ ಅಷ್ಟು ಹೊತ್ತು ಯಾರೂ ಯಾರನ್ನೂ ತಬ್ಬಿರಲಿಲ್ಲ. ಸನಾ ಪರೀಕ್ಷೆ ಮುಗಿಸಿದಳು. ಮೆಡಿಸಿನ್‌ಗೆ ಸ್ವಲ್ಪದರಲ್ಲಿ ಅಂಕ ಸಾಲದೆ ನರ್ಸಿಂಗ್ ಸೇರಿದಳು. ಗ್ರಾಂಡ್ ಆಂಟಿ, ಗ್ರಾಂಡ್ ಎಂದು ಫೋನಿನಲ್ಲಿ ಹೇಳಿದಳು. ಬಿರಿದ ಮನೆಯಲ್ಲಿ ಕಳೆದ ಆ ವಾರಗಳಿಲ್ಲದಿದ್ದರೆ, ಇಸ್ತ್ರಿ ಹಲಗೆಯ ಮೇಲೆ ಓದುವ ಪಾಡಿಲ್ಲದಿದ್ದರೆ ಎಂದು ನಾನು ಲೆಕ್ಕ ಹಾಕದ ದಿನವಿಲ್ಲ.

ಮರುವರ್ಷ, ಜನ ಮಾಸ್ಕನ್ನು ಮುಖದಿಂದ ತೆಗೆದರೂ ಜೇಬಿನಲ್ಲಿ ಇಟ್ಟುಕೊಂಡಿದ್ದ ಕಾಲದಲ್ಲಿ, ಎದುರು ಸಾಲನ್ನು ಕೆಡವಲು ಯಂತ್ರ ಬಂತು. ಹೇಗೋ ಸುದ್ದಿ ತಿಳಿದು ಖಲೀಲ್ ಒಬ್ಬರೇ ಬಂದರು. ತಮ್ಮ ಮನೆಯ ಮುಂದೆ ನಿಲ್ಲಲು ಕೆಲಸಗಾರರು ಬಿಡಲಿಲ್ಲ, ಸುತ್ತ ತಂತಿ ಬೇಲಿ. ಹಾಗಾಗಿ ನಮ್ಮ ಗೇಟಿನೊಳಗೆ ಬಂದು ನಿಂತರು. ಶ್ರೀಧರ ಎರಡು ಕುರ್ಚಿ ತಂದಿಟ್ಟರು. ಇಬ್ಬರೂ ನಾಟಕ ನೋಡುವವರ ಹಾಗೆ ಪಕ್ಕಪಕ್ಕ ಕೂತರು. ನೋರಾಳ ಮನೆ ಮೊದಲು ಹೋಯಿತು, ಇಸ್ತ್ರಿ ಮಾಡಿದ ಪರದೆಗಳ ಸಮೇತ. ಯಂತ್ರ ಐದನೇ ನಂಬರಿನ ಕಡೆ ತಿರುಗಿದಾಗ ಶ್ರೀಧರ ಏನೋ ಹೇಳಲು ಬಾಯಿ ತೆರೆದರು. ಖಲೀಲ್ ಅವರ ಮೊಣಕಾಲಿನ ಮೇಲೆ ಕೈಯಿಟ್ಟು, “ಈಗ ಬ್ಯಾಡ್ರಿ,” ಎಂದರು. ಕೈಯನ್ನು ಅಲ್ಲೇ ಬಿಟ್ಟರು.

ನಾನು ಚಹಾ ತಂದುಕೊಟ್ಟೆ. ಒಂದು ಗುಟುಕು ಕುಡಿದು, “ಭಾಭಿ, ಸಕ್ಕರಿ ಕಡಿಮಿ ಆಗ್ಯಾದ,” ಎಂದರು. ಚಳಿಗಾಲವಿಡೀ ನಮ್ಮ ಮನೆಯಲ್ಲಿದ್ದಾಗ ಊಟದಲ್ಲಿ, ಹಾಸಿಗೆಯಲ್ಲಿ, ಚಹಾದಲ್ಲಿ ಒಂದು ಕೊರತೆಯನ್ನೂ ಅವರು ಎತ್ತಿ ಆಡಿದವರಲ್ಲ.

ತರುತ್ತೇನೆಂದು ಒಳಗೆ ಬಂದೆ. ಸಕ್ಕರೆಯ ಡಬ್ಬಿ ಎದುರಿಗೇ ಇತ್ತು. ಅದನ್ನು ಎತ್ತಿಕೊಳ್ಳುವ ಹೊತ್ತಿಗೆ ಹೊರಗೆ ಗೋಡೆ ಬೀಳತೊಡಗಿತು. ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಲೆಯ ಕಡೆ ಮುಖ ಮಾಡಿ ನಿಂತೆ. ಕಿಟಕಿಯ ಕಡೆ ತಿರುಗಲಿಲ್ಲ. ಪಾತ್ರೆಗಳ ಸ್ಟ್ಯಾಂಡಿನಲ್ಲಿ ಚಮಚಗಳು ಸಣ್ಣಗೆ ಅದುರಿದವು. ಸದ್ದು ನಿಂತಿತು ಎನ್ನುವಷ್ಟರಲ್ಲಿ ಮತ್ತೊಂದು ಕುಸಿತ, ಆಮೇಲೆ ಇನ್ನೊಂದು. ಪೂರ್ತಿ ನಿಶ್ಶಬ್ದವಾಗಿ, ಯಂತ್ರದವರು ನೀರು ಚಿಮುಕಿಸಿ ಧೂಳು ಅಡಗಿಸಿದ ಮೇಲೆ ಹೊರಗೆ ಬಂದೆ.

ಎದುರಿಗೆ ಐದನೇ ನಂಬರು ಇರಲಿಲ್ಲ. ಅದರ ಹಿಂದಿನ ಹೊಲ, ಹೊಲದಾಚೆಯ ದನಗಳು, ಇಷ್ಟು ವರ್ಷ ಕಾಣದಿದ್ದದ್ದೆಲ್ಲ ನಮ್ಮ ಗೇಟಿನಿಂದಲೇ ಕಾಣುತ್ತಿತ್ತು. ಖಲೀಲ್ ಆರಿದ ಚಹಾದ ಲೋಟವನ್ನು ನನ್ನ ಕಡೆ ಚಾಚಿದರು. ಕಣ್ಣು ಕೆಂಪಾಗಿತ್ತು.

“ಸಕ್ಕರಿ ತರಲಿಕ್ಕ ಇಷ್ಟೊತ್ತಾ, ಭಾಭಿ?”

ನಾನು ಡಬ್ಬಿಯ ಮುಚ್ಚಳ ತೆಗೆದೆ. ಒಂದು ಚಮಚ ಹಾಕಿದೆ. ಅವರು ಲೋಟವನ್ನು ಹಿಂದಕ್ಕೆ ತೆಗೆಯಲಿಲ್ಲ. ಇನ್ನೊಂದು ಹಾಕಿ, ತಲೆ ತಗ್ಗಿಸಿ ಕಲಕುತ್ತ ನಿಂತೆ.